ಎಡಕ್ಕೆಳೆದದ್ದು ಕಾರು, ದೂರು ನನ್ನ ಮೇಲೆ

ಟಾಲಾ ಎಂಬ ಊರಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಕಾರಿನ ಕೀಯನ್ನು ನನಗೆ ಕೊಡದೆ ನನ್ನ ಗಂಡನ ಕೈಗಿಟ್ಟ. “ಕಾರು ಗ್ರ್ಯಾಂಡ್ ಆಗಿದೆ, ಏನೂ ತೊಂದರೆಯಿಲ್ಲ. ನಿಮ್ಮ ಹೆಂಡತಿಗೇ ಸ್ಟೀರಿಂಗ್ ನೆಟ್ಟಗೆ ಹಿಡಿಯೋಕೆ ಬರಲ್ಲ, ಅದಕ್ಕೇ ಎಡಕ್ಕೆ ಎಳೆಯುತ್ತೆ” ಎಂದ. ನನ್ನ ಗಂಡನಿಗೆ ಡ್ರೈವಿಂಗೇ ಬರುವುದಿಲ್ಲ! ಎರಡು ವಾರದ ಹಿಂದೆಯೂ ಮೆಕ್ಯಾನಿಕ್ ಇದನ್ನೇ ಹೇಳಿ ಕಳಿಸಿದ್ದ.

ನನಗೆ ಸಿಟ್ಟು ನೆತ್ತಿಗೇರಿತು. ಬೆಳಿಗ್ಗೆಯಷ್ಟೇ ಎಡ ಚಕ್ರದಿಂದ ಸುಟ್ಟ ವಾಸನೆ ಬಂದಿತ್ತು. ಆ ಮೆಕ್ಯಾನಿಕ್‌ನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಓಡಿಸಿ ಬಂದು, “ಮುಂದಿನ ಎರಡೂ ಚಕ್ರದ ಹತ್ತಿರ ಕೈ ಹಿಡಿದು ನೋಡಿ” ಎಂದೆ. ಬಲಗಡೆಯದು ಬೆಚ್ಚಗಿತ್ತು, ಎಡಗಡೆಯದು ಕೆಂಡದಂತಿತ್ತು. “ಎಡ ಚಕ್ರದ ಬ್ರೇಕ್ ಕಚ್ಕೊಂಡಿದೆ, ಅದಕ್ಕೇ ಎಳೀತಿದೆ” ಎಂದು ಗೊಣಗಿದವನು ಸಾರಿ ಹೇಳಿದ್ದೂ ನನ್ನ ಗಂಡನಿಗೇ!

ಬ್ರೇಕೇನೋ ಸರಿಯಾಯಿತು. ಆದರೆ ಅವನ ಮಾತು ನಂಬಿ ಎರಡು ವಾರ ಮಗಳನ್ನು ಅದೇ ಕಾರಿನಲ್ಲಿ ಶಾಲೆಗೆ ಕರೆದೊಯ್ದದ್ದು ನೆನಪಾದರೆ ಈಗಲೂ ಮೈ ಉರಿಯುತ್ತದೆ.