ಒಂದೇ ತಂತಿ ಬಿಚ್ಚಿದ ಅಕ್ಕ

ಸೋಪು ಹಾಕಿ ಮೂರು ಸಲ ತೊಳೆದರೂ ಕೈಯಿಂದ ತುಕ್ಕಿನ ವಾಸನೆ ಹೋಗಿಲ್ಲ. ಕುದೂರಿನ ಹತ್ತಿರದ ನಮ್ಮ ತೋಟಕ್ಕೂ ಪಕ್ಕದ ತೋಟಕ್ಕೂ ನಡುವೆ ಇದ್ದ ಹಳೆಯ ಜಾಲರಿ ಬೇಲಿಯನ್ನು ಈ ವಾರ ನಾನೇ ಬಿಚ್ಚಿದೆ. ಐವತ್ತೈದರ ಹೆಂಗಸಿಗೆ ಈ ಉಸಾಬರಿ ಯಾಕೆ ಎಂದು ಕೇಳಿದವರು ಬಹಳ, ಕೈ ಹಚ್ಚಿದವರು ನಮ್ಮ ಯಜಮಾನರೊಬ್ಬರೇ. ಆ ವಾಸನೆ ಮೂಗಿಗೆ ಬಡಿದಾಗಲೆಲ್ಲ ಆಚೆಮನೆ ಅಕ್ಕ ನೆನಪಾಗುತ್ತಾರೆ...

ಅವರು ನಮಗೆ ನೆಂಟರೇನಲ್ಲ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಮಗಳನ್ನು ಸಾಕಿಕೊಂಡು ಪಕ್ಕದ ತೋಟದ ಮನೆಯಲ್ಲಿದ್ದವರು. ಮಾತು ಒರಟು, ಕೈ ಧಾರಾಳ. ನಾನು ಸೊಸೆಯಾಗಿ ಬಂದ ವರ್ಷವೇ ಅವರ ಹಸು ನಮ್ಮ ಹಿಪ್ಪುನೇರಳೆಗೆ ಬಾಯಿ ಹಾಕಿತು. ನಮ್ಮ ಮಾವನವರು ಜಗಳವಾಡಿ, ಮಾತು ಬಿಟ್ಟು, ಕಲ್ಲುಕಂಬ ನೆಡಿಸಿ ಜಾಲರಿ ಎಳೆಸಿದರು. ಹಸು ತಿಂದದ್ದು ಒಂದು ಹೊರೆ ಸೊಪ್ಪು, ಬೇಲಿ ನಿಂತದ್ದು ಮೂವತ್ತು ವರ್ಷ. ಅಕ್ಕ ಮಾತ್ರ ಜಾಲರಿಗೆ ಮುಖ ಒತ್ತಿಕೊಂಡು ನನ್ನ ಜೊತೆ ಹರಟುತ್ತಿದ್ದರು.

"ನಿಮ್ಮಾವ ನಂಗಲ್ಲ ಕಣಮ್ಮಿ, ನನ್ ದನಕ್ಕೆ ಬೇಲಿ ಹಾಕವ್ರೆ. ನಾನ್ಯಾಕ್ ಮಾತ್ ಬುಡ್ಲಿ" ಎನ್ನುತ್ತಿದ್ದರು.

ಮಾರನೆಯ ವರ್ಷ ನಮ್ಮ ರೇಷ್ಮೆಹುಳಗಳು ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದಿದ್ದವು. ಅಲ್ಲಿಂದ ಗೂಡು ಕಟ್ಟುವವರೆಗೆ ಹುಳಕ್ಕೆ ಹಗಲಿರುಳು ಸೊಪ್ಪು ಬೇಕು. ಅದೇ ಹೊತ್ತಿನಲ್ಲಿ ಮಾವನವರು ಗಾಳಿ ಬೀಸುತ್ತಿರುವುದನ್ನೂ ನೋಡದೆ ಟೊಮೆಟೊಗೆ ಔಷಧಿ ಹೊಡೆದರು. ಔಷಧಿಯೆಲ್ಲ ತೇಲಿ ಬಂದು ನಮ್ಮದೇ ಹಿಪ್ಪುನೇರಳೆಯ ಮೇಲೆ ಕೂತಿತು. ಆ ಸೊಪ್ಪು ತಿಂದರೆ ಹುಳ ಸಾಯುತ್ತವೆ, ಸೊಪ್ಪಿಲ್ಲದಿದ್ದರೂ ಸಾಯುತ್ತವೆ. ಅಕ್ಕ ಆ ಸಲ ಹುಳ ಸಾಕಿರಲಿಲ್ಲ, ಅವರ ತೋಟದ ತುಂಬ ಸೊಪ್ಪಿತ್ತು. ಮಾವನವರು ತಲೆಯ ಮೇಲೆ ಟವಲ್ ಹಾಕಿಕೊಂಡು ಜಗಲಿಯಲ್ಲಿ ಕೂತರೇ ಹೊರತು ಕೇಳಲು ಅವರಿಗೆ ಬಾಯಿ ಬರಲಿಲ್ಲ.

ಬೆಳಿಗ್ಗೆ ಅವರು ಸೊಪ್ಪು ಹುಡುಕಿಕೊಂಡು ಬೇರೆ ಊರಿಗೆ ಹೊರಟ ಮೇಲೆ ಬೇಲಿಯ ಕಡೆಯಿಂದ ಕಿರ್ ಕಿರ್ ಎಂಬ ಸದ್ದು ಕೇಳಿಸಿತು. ಹೋಗಿ ನೋಡಿದರೆ ಅಕ್ಕ ಒಂದಕ್ಕೊಂದು ಹೆಣೆದ ಜಾಲರಿಯ ಒಂದು ತಂತಿಯ ತುದಿ ಬಿಡಿಸಿ, ಅದನ್ನು ತಿರುಗಿಸುತ್ತಾ ಮೇಲಕ್ಕೆ ಎಳೆಯುತ್ತಿದ್ದರು. ಆ ಒಂದು ತಂತಿ ಪೂರ್ತಿ ಹೊರಬಂದದ್ದೇ ತಡ, ಬೇಲಿ ಎರಡಾಗಿ ಬಿಟ್ಟುಕೊಂಡಿತು. ಅವರ ಹಿಂದೆ ಮೂರು ಹೊರೆ ಸೊಪ್ಪಿತ್ತು.

"ರಸ್ತೆ ಸುತ್ಕಂಡು ಬರ್ಬೋದಿತ್ತಲ್ಲಕ್ಕ" ಎಂದೆ.

"ಊರೋರೆಲ್ಲ ನೋಡ್ತಾರೆ, ನಿಮ್ಮಾವನ್ ಮಕ ಚಿಕ್ಕದಾಯ್ತದೆ. ಹೊರೆ ತಕ, ಮೊದ್ಲು ಹುಳಕ್ಕಾಕು" ಎಂದರು.

ಸೊಪ್ಪು ದಾಟಿಸಿದ ಮೇಲೆ ಅದೇ ತಂತಿಯನ್ನು ಮತ್ತೆ ತಿರುಗಿಸಿ ಪೋಣಿಸಿ ತುದಿ ಮಡಚಿದರು. ಬಿಚ್ಚಿದ ಗುರುತೇ ಇಲ್ಲ. ಬೇಲಿ ಕಟ್ಟಲು ಬಂದವರು ಜಾಲರಿಯ ಎರಡು ಸುರುಳಿ ಸೇರಿಸುವಾಗ ನೋಡಿ ಕಲಿತದ್ದಂತೆ. ಹೀಗೆ ಆರು ದಿನ ನಡೆಯಿತು. ಮಾವನವರು ಬರಿಗೈಯಲ್ಲಿ ವಾಪಸು ಬಂದು, ಹುಳದ ಮನೆಯ ತಟ್ಟೆಗಳ ತುಂಬ ಸೊಪ್ಪು ನೋಡಿದರೂ ಎಲ್ಲಿಂದ ಬಂತೆಂದು ಕೇಳಲಿಲ್ಲ. ಹುಳ ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ಹತ್ತಿದ ಸಂಜೆ ಬೇಲಿಯ ಹತ್ತಿರ ಹೋಗಿ ಸ್ವಲ್ಪ ಹೊತ್ತು ನಿಂತು, ಕೆಮ್ಮಿ, ಹಿಂತಿರುಗಿದರು.

"ಕೆಮ್ಮಿದ್ದು ಕೇಳುಸ್ತು ಕಣಮ್ಮಿ. ಅವ್ರಿಗೆ ಅಷ್ಟೇ ಬರೋದು" ಎಂದು ಮಾರನೆಯ ದಿನ ಅಕ್ಕ ನಕ್ಕರು. ಎಂಥ ಹೆಂಗಸು ಅನ್ನಿಸಿತು. ಅವತ್ತಿನಿಂದ ಅವರೆಂದರೆ ನನಗೆ ಒಡಹುಟ್ಟಿದವರಿಗಿಂತ ಹೆಚ್ಚು.

ಮಾವನವರು ಹೋಗಿ ಹನ್ನೊಂದು ವರ್ಷವಾಯಿತು. ಸೂತಕ ಕಳೆದ ಮೇಲೆ ಅಕ್ಕ ನನ್ನನ್ನು ಕೇಳಿದ್ದು ಒಂದೇ. "ಇನ್ನೇನೈತೆ, ಈ ಬೇಲಿ ಕಿತ್ತಾಕ್ಸಮ್ಮಿ. ಮಂಡಿ ನೋವು, ರಸ್ತೆ ಸುತ್ತಿ ಬರಕ್ಕಾಗಕ್ಕಿಲ್ಲ. ನಿಮ್ ಜಗಲಿ ಮ್ಯಾಲೆ ಒಸಿ ಕೂತ್ಕಂಡು ಕಾಪಿ ಕುಡೀಬೇಕು."

ಅಷ್ಟರಲ್ಲಿ ತಂತಿಗಳು ತುಕ್ಕು ಹಿಡಿದು ಒಂದನ್ನೊಂದು ಕಚ್ಚಿಕೊಂಡಿದ್ದವು, ಅವರ ಕೈಯಲ್ಲೂ ಕಸುವು ಉಳಿದಿರಲಿಲ್ಲ. ಆಗಲಿ ಅಕ್ಕ, ಕೀಳಿಸುತ್ತೇನೆ ಎಂದೆ. ಈ ಬೆಳೆ ಮುಗಿಯಲಿ, ಆಳು ಸಿಗಲಿ, ಯುಗಾದಿ ಕಳೆಯಲಿ... ಇನ್ನೂ ಎರಡು ಮೂರು ಸಲ ನೆನಪಿಸಿದರು. ಆಮೇಲೆ ಕೇಳುವುದನ್ನೇ ಬಿಟ್ಟರು. ಹೋದ ವರ್ಷ ಅಕ್ಕ ತೀರಿಕೊಂಡರು.

ಅವರ ಮಗಳು ಈಗ ಆ ತೋಟ ನೋಡಿಕೊಳ್ಳುತ್ತಾಳೆ. ಬೇಲಿಯ ಮಾತೆತ್ತಿದಾಗ "ಕೀಳಿ ಚಿಕ್ಕಮ್ಮ" ಎಂದಳು. ತುಕ್ಕಿಗೆ ಹಳೆಯ ಎಂಜಿನ್ ಆಯಿಲ್ ಬಿಟ್ಟು, ಇಕ್ಕಳದಿಂದ ತುದಿ ಬಿಡಿಸಿ, ಅಕ್ಕ ಮಾಡಿದ ಹಾಗೆಯೇ ನಾಲ್ಕೈದು ಕಡೆ ತಂತಿ ತಿರುಗಿಸಿ ತೆಗೆದೆ. ಜಾಲರಿ ತುಂಡು ತುಂಡಾಗಿ ಬಂತು, ಸುರುಳಿ ಸುತ್ತಿಟ್ಟೆ. ಸಂಜೆ ಕಂಬಗಳ ಬುಡಕ್ಕೆ ನೀರು ಬಿಟ್ಟು, ಬೆಳಿಗ್ಗೆ ಸುತ್ತ ಅಗೆದು, ಹಾರೆ ಹಾಕಿ ಅಲ್ಲಾಡಿಸಿದರೆ ಸಡಿಲವಾದವು. ಯಜಮಾನರು ಹಗ್ಗ ಹಿಡಿದು ಒಂದೊಂದನ್ನೇ ಮಲಗಿಸಿದರು.

ಕೊನೆಯ ಕಂಬ ಬಿದ್ದ ಮೇಲೆ ಅಕ್ಕನ ಬಾಗಿಲಿನಿಂದ ನಮ್ಮ ಜಗಲಿಯವರೆಗೆ ನಡೆದು ನೋಡಿದೆ. ನಲವತ್ತು ಹೆಜ್ಜೆ. ನನ್ನ ಮೇಲೆ ನನಗೇ ಸಿಟ್ಟು ಬಂತು, ಅಳುವೂ ಬಂತು. ಇಡೀ ಬೇಲಿ ಕೀಳಲು ಬೇಕಾದದ್ದು ಎರಡು ದಿನ. ಅಕ್ಕನನ್ನು ಹತ್ತು ವರ್ಷ ಕಾಯಿಸಿದೆ.