ಸಾಹುಕಾರರ ಕಾರ್ಡಿಗೆ ಎರಡನೇ ನಂಬರು

ಅರಸೀಕೆರೆಯ ಕೊಬ್ಬರಿ ಸಾಹುಕಾರರೊಬ್ಬರ ಮಂಡಿಗೆ ಹಾಜರಿ ಮೆಷಿನ್ ಕೂರಿಸಲು ಹೋಗಿದ್ದೆ. ಆಗಿನ್ನೂ ಅದು ಹೊಸದು. ಕಾರ್ಡನ್ನು ಹತ್ತಿರ ಹಿಡಿದರೆ ಸಾಕು, ಮೆಷಿನ್ ಕುಂಯ್ ಎಂದು ಅದರೊಳಗೆ ಸರದಿಯ ನಂಬರು ಬರೆಯುತ್ತಿತ್ತು.

"ರಾಹುಕಾಲ ಕಳೀಲಿ. ಮೊದಲನೇ ಕಾರ್ಡು ನಂದೇ," ಎಂದು ಸಾಹುಕಾರರು ಪೂಜೆಗೆ ಅಣಿ ಮಾಡಿಸಲು ಒಳಗೆ ಹೋದರು.

ಪೂಜೆಗೆ ಸೇರುವ ಜನರ ಮುಂದೆ ಮೆಷಿನ್ ಕೈಕೊಟ್ಟರೆ ಏನು ಗತಿ ಎಂಬ ಭಯಕ್ಕೆ ನನ್ನದೊಂದು ಕಾರ್ಡು ಹಿಡಿದು ನೋಡಿಬಿಟ್ಟೆ. ಕುಂಯ್ ಎಂದಿತು. ಆಮೇಲೆ ಹೊಳೆಯಿತು: ಒಂದನೇ ನಂಬರು ನನ್ನ ಕಾರ್ಡಿಗೆ ಹೋಗಿತ್ತು. ಅದನ್ನು ಅಳಿಸುವುದು ನನಗೆ ಗೊತ್ತಿರಲಿಲ್ಲ.

ಮಂಗಳಾರತಿ ಆಯಿತು. ಸಾಹುಕಾರರು ಕಾರ್ಡನ್ನು ಕಣ್ಣಿಗೊತ್ತಿಕೊಂಡು ಹಿಡಿದರು. ಮೆಷಿನ್ನಿನ ಮೇಲೆ ಎರಡು ಎಂದು ಮೂಡಿತು.

"ಒಂದನೇದು ಯಾರ್ದ್ರೀ?"

"ನಂದೇ ಸಾರ್. ಟೆಸ್ಟ್ ಮಾಡ್ದೆ."

"ಯಾವಾಗ?"

"ಆಗ್ಲೇ... ರಾಹುಕಾಲದಲ್ಲಿ."

ಬೈಗುಳಕ್ಕೆ ಕಾದು ತಲೆ ತಗ್ಗಿಸಿ ನಿಂತೆ. ಆದರೆ ಅವರ ಮುಖ ಅರಳಿತು. ನನ್ನ ಕೈಗೆ ಪ್ರಸಾದದ ಬಾಳೆಹಣ್ಣು ಒಂದು ಜಾಸ್ತಿಯೇ ಇಟ್ಟರು.

"ಒಳ್ಳೇದೇ ಆಯ್ತು ಬಿಡಿ. ಬರೋ ಕೇಡೆಲ್ಲ ನಿಮ್ ತಲೆಗೇ ಹೋಯ್ತು!"

ಇಂಥದ್ದನ್ನೆಲ್ಲ ನಾನು ನಂಬುವವನಲ್ಲ. ಆದರೂ ಅವತ್ತು ಬಸ್‌ಸ್ಟ್ಯಾಂಡಿನ ಮುಂದೆ ರಸ್ತೆ ದಾಟಲು ನನಗೆ ಬಹಳ ಹೊತ್ತು ಹಿಡಿಯಿತು.