ಹೆರ್ಮಿನಿಯಾ ಕೊಡದ ಬೀಗದ ಕೈ

ಹಂದಿ ಬೇಟೆಗೆ ಹೋಗಿಬರುವಾಗ ಕೋವಿ ಜೀಪಿನ ಹಿಂಭಾಗದಲ್ಲಿರುತ್ತಿತ್ತು, ಬೀಗ ಹಾಕಿದ ತೋಟಾ ಪೆಟ್ಟಿಗೆ ಹೆರ್ಮಿನಿಯಾಳ ಮಡಿಲಲ್ಲಿ. ಎರಡನ್ನೂ ಬೇರೆಯಾಗಿಡಬೇಕೆಂಬ ಕಾನೂನನ್ನು ಉರುಗ್ವೆಯ ಆ ಕುರಿಗಾಹಿ ಹೆಂಗಸು ಮೂವತ್ತು ವರ್ಷದಲ್ಲಿ ಒಮ್ಮೆಯೂ ಮೀರಿರಲಿಲ್ಲ.

"ಅತ್ತಿಗೆ, ಪೆಟ್ಟಿಗೆಗೆ ಹಾಲೂ ಕುಡಿಸ್ತೀರೇನು?" ಎಂದು ಮೈದುನ ನೆಮೆಸಿಯೋ ರೇಗಿಸುತ್ತಿದ್ದ.

ಒಂದು ಸಂಜೆ ಬೇಟೆ ಮುಗಿಸಿ ಹೊರಡುವಾಗ, ಹಂದಿಯನ್ನು ಹಿಡಿದದ್ದು ಯಾರ ನಾಯಿ ಎಂದು ಅವನಿಗೂ ನೆರೆಯ ರುಫೀನೋಗೂ ಹೊಡೆದಾಟವಾಯಿತು. ನೆಮೆಸಿಯೋ ಜೀಪಿನಿಂದ ಕೋವಿ ಎಳೆದುಕೊಂಡು ಹೆರ್ಮಿನಿಯಾಳ ಬಳಿ ಓಡಿಬಂದ.

"ಪೆಟ್ಟಿಗೆ ಕೀ ಕೊಡಿ ಅತ್ತಿಗೆ! ಅವನನ್ನ ಬಿಡಲ್ಲ!"

"ಮೊದಲು ಇದನ್ನ ಕುಡಿಯಪ್ಪ," ಎಂದು ಅವಳು ಮಾಟೆ ಎಲೆಯ ಕಷಾಯ ತುಂಬಿದ ಸೋರೆಬುರುಡೆ ಚಾಚಿದಳು.

ಹಿರಿಯರು ಕೊಟ್ಟ ಮಾಟೆಯನ್ನು ಅಲ್ಲಿ ಯಾರೂ ಬೇಡವೆನ್ನುವುದಿಲ್ಲ, ಅರ್ಧಕ್ಕೂ ಬಿಡುವುದಿಲ್ಲ. ಸುಡುವ ಕಷಾಯವನ್ನು ಅವನು ಹೀರುಕೊಳವೆಯಲ್ಲಿ ನಿಧಾನವಾಗಿ ಹೀರಿದ. ಬುರುಡೆ ಬರಿದಾಗುವಷ್ಟರಲ್ಲಿ ಅವನ ಸಿಟ್ಟು ಇಳಿದಿತ್ತು. ಕೋವಿಯನ್ನು ಅವಳ ಕಾಲ ಬಳಿ ಇಟ್ಟ.

"ನೀವು ಕೀ ಕೊಡಲಿಲ್ವಲ್ಲ ಅತ್ತಿಗೆ, ಒಳ್ಳೇದಾಯ್ತು, ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ."